ಸೆಟಪ್ ಫೈಲನ್ನೂ ಗಿಟ್‌ಗೆ ಹಾಕಬೇಕೇ?

ಬೇಡ. ಗಿಟ್ ಎಂದರೆ ಕೋಡಿನ ಬದಲಾವಣೆಗಳ ಇತಿಹಾಸ ಕಾದಿಡುವ ಸಾಧನ; ಸೆಟಪ್ ಫೈಲ್ ಅಥವಾ ಇನ್‌ಸ್ಟಾಲರ್ ಎಂದರೆ ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕುವ ಫೈಲ್. ಇನ್‌ಸ್ಟಾಲರ್ ಕಟ್ಟುವ ಸ್ಕ್ರಿಪ್ಟ್, ಐಕಾನ್, ಲೈಸೆನ್ಸ್ ಪಠ್ಯ ಎಲ್ಲವೂ ಗಿಟ್‌ನಲ್ಲಿರಲಿ; ಅವುಗಳಿಂದ ತಯಾರಾಗುವ ಸೆಟಪ್ ಫೈಲ್ ಹೊರಗಿರಲಿ.

ಕೋಡ್ ಬರೀ ಅಕ್ಷರ. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಚಿಕ್ಕದು, ಗಿಟ್ ಅದನ್ನು ಸಣ್ಣದಾಗಿ ಮಡಚಿಡುತ್ತದೆ. ಸೆಟಪ್ ಫೈಲ್ ಮೊದಲೇ ಬಿಗಿಯಾಗಿ ಒತ್ತಿ ಕಟ್ಟಿದ ಗಂಟು; ಒಳಗೆ ಒಂದು ಸಾಲು ಬದಲಾದರೂ ಗಂಟಿನ ಬಹುಪಾಲು ಬೇರೆಯಾಗಿಬಿಡುತ್ತದೆ. 60 ಎಂಬಿ ಫೈಲನ್ನು 20 ಸಲ ಸೇರಿಸಿದರೆ ಹೆಚ್ಚುಕಡಿಮೆ 1,200 ಎಂಬಿ. ಆಮೇಲೆ ಅಳಿಸಿದರೂ ಇತಿಹಾಸದಲ್ಲಿ ಉಳಿಯುತ್ತದೆ, ಕ್ಲೋನ್ ಮಾಡಿದವರಿಗೆಲ್ಲ (ಪೂರ್ತಿ ಪ್ರತಿ ತೆಗೆದುಕೊಂಡವರಿಗೆಲ್ಲ) ಅಷ್ಟೂ ಇಳಿಯುತ್ತದೆ.

ಹಾಗಾದರೆ ಹಳೆಯ ಸೆಟಪ್ ಬೇಕಾದಾಗ? ಟ್ಯಾಗ್, ಅಂದರೆ ಒಂದು ಹಂತದ ಕೋಡಿಗೆ ಅಂಟಿಸುವ ಹೆಸರು, ಇದೆಯಲ್ಲ; ಅದನ್ನು ತೆರೆದು ಸೆಟಪ್ ಮತ್ತೆ ಕಟ್ಟಿಕೊಳ್ಳಬಹುದು. ಮಂಡ್ಯದ ಬೆಲ್ಲದ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ದಿನವೇ ಆ ಕಮಿಟ್‌ಗೆ (ಗಿಟ್‌ನಲ್ಲಿ ಉಳಿಸಿದ ಆ ಹಂತಕ್ಕೆ) 2.3.1 ಎಂದು ಟ್ಯಾಗ್ ಹಾಕುತ್ತೇನೆ. ಆರು ತಿಂಗಳ ಮೇಲೆ "ತೂಕದ ಚೀಟಿ ಪ್ರಿಂಟ್ ಆಗ್ತಿಲ್ಲ ಸಾರ್" ಅಂತ ಫೋನ್ ಬಂದರೆ, ಆ ಟ್ಯಾಗ್ ತೆರೆದರೆ ಸಾಕು, ಅವರ ಕಂಪ್ಯೂಟರಿನಲ್ಲಿ ಓಡುತ್ತಿರುವ ಕೋಡೇ ನನ್ನ ಮುಂದಿರುತ್ತದೆ.

ವಿಂಡೋಸ್‌ನ ಎಂಎಸ್‌ಐ ಇನ್‌ಸ್ಟಾಲರ್ ಮಾಡುವವರು 'ಅಪ್‌ಗ್ರೇಡ್ ಕೋಡ್' ಎಂಬ ಗುರುತಿನ ಸಂಖ್ಯೆಯನ್ನು ಸ್ಕ್ರಿಪ್ಟ್‌ನಲ್ಲೇ ಬರೆದು ಗಿಟ್‌ಗೆ ಸೇರಿಸಿ. ಅದು ಬದಲಾದರೆ ವಿಂಡೋಸ್‌ಗೆ ಹಳೆಯ ಆವೃತ್ತಿಯ ಗುರುತು ಸಿಗದೆ ಎರಡೂ ಅಕ್ಕಪಕ್ಕ ಕೂರುತ್ತವೆ. ಆವೃತ್ತಿ ಹೋಲಿಸುವಾಗ ವಿಂಡೋಸ್ ಮೊದಲ ಮೂರು ಅಂಕಿ ಮಾತ್ರ ನೋಡುತ್ತದೆ: 2.3.1.4, 2.3.1.5 ಎರಡೂ ಅದಕ್ಕೆ ಒಂದೇ.

ಸೆಟಪ್ ನಮ್ಮದೇ ಎಂದು ತೋರಿಸುವ ಡಿಜಿಟಲ್ ಸಹಿಯ ಪ್ರೈವೇಟ್ ಕೀಯನ್ನಂತೂ (ಸಹಿ ಹಾಕುವ ಗುಟ್ಟಿನ ಕೀ) ದಯವಿಟ್ಟು ಯಾವತ್ತೂ ಗಿಟ್‌ಗೆ ಹಾಕಬೇಡಿ.