‘ಇದು ಸರಿಯೇ?’ ಎಂದು ಕೇಳುವ ಮಗಳು

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗಳು ಮೊದಲು ಮನಬಂದಂತೆ ಚಿತ್ರ ಬರೆಯುತ್ತಿದ್ದಳು, ಕಥೆ ಕಟ್ಟುತ್ತಿದ್ದಳು. ಈಗ ಒಂದು ಗೆರೆ ಎಳೆದರೂ ‘ಇದು ಸರಿಯೇ?’ ಎಂದು ಕೇಳುತ್ತಾಳೆ. ಸ್ವಂತ ಕಲ್ಪನೆ ಗಂಡುಮಕ್ಕಳಿಗೇ ಹೆಚ್ಚು ಎಂದು ಬಂಧುಗಳು ಹೇಳುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ಅರ್ಧಕ್ಕೆ ಬಿಟ್ಟ ಗೆರೆಯನ್ನು ಚಿತ್ರವಾಗಿ ಬೆಳೆಸುವುದು, ಒಂದು ವಸ್ತುವಿಗೆ ಹೊಸ ಹೊಸ ಉಪಯೋಗಗಳನ್ನು ಯೋಚಿಸುವುದು ಮುಂತಾದ ಪರೀಕ್ಷೆಗಳಲ್ಲಿ ಹುಡುಗ-ಹುಡುಗಿಯರ ನಡುವೆ ಸ್ಥಿರವಾದ ಅಂತರ ಕಂಡುಬಂದಿಲ್ಲ. ಮಾತು ಮತ್ತು ಬರಹಕ್ಕೆ ಸಂಬಂಧಿಸಿದವುಗಳಲ್ಲಿ ಹುಡುಗಿಯರೇ ತುಸು ಮುಂದಿರುವುದೂ ಉಂಟು.

ಸೃಜನಶೀಲತೆಯ ಅಧ್ಯಯನಕ್ಕೆ ಹೆಸರಾದ ಅಮೆರಿಕದ ಮನೋವಿಜ್ಞಾನಿ ಪಾಲ್ ಟಾರೆನ್ಸ್ ಅವರು ಮಕ್ಕಳ ಕೈಗೆ ವಿಜ್ಞಾನದ ಆಟಿಕೆಗಳನ್ನು ಕೊಟ್ಟು ನೋಡಿದಾಗ, ಹುಡುಗಿಯರು ಅವನ್ನು ಮುಟ್ಟಲು ಹಿಂಜರಿದರು, ಹುಡುಗರೇ ಹೆಚ್ಚು ವಿಚಾರಗಳನ್ನು ಹೇಳಿದರು. ಶಿಕ್ಷಕರು ಮತ್ತು ಪೋಷಕರೊಂದಿಗೆ ಇದನ್ನು ಚರ್ಚಿಸಿ ಮುಂದಿನ ವರ್ಷ ಮತ್ತೆ ಪ್ರಯೋಗ ನಡೆಸಿದಾಗ ಆ ಅಂತರ ಮಾಯವಾಗಿತ್ತು. ಆದರೂ ಹುಡುಗರ ವಿಚಾರಗಳೇ ಮೇಲು ಎಂದು ಸಹಪಾಠಿಗಳು, ಹುಡುಗಿಯರೂ ಸೇರಿ, ಎಣಿಸುತ್ತಿದ್ದರು. ನನಗೆ ನೋವಾಗುವುದು ಇಲ್ಲಿಯೇ: ಸಾಮರ್ಥ್ಯ ಸಮನಾಗಿದ್ದಾಗಲೂ ಹುಡುಗಿಗೆ ಮನ್ನಣೆ ಕಡಿಮೆ. ಬಂಧುಗಳ ಮಾತನ್ನು ಮಗಳ ಮುಂದೆ ಆಡಗೊಡಬೇಡಿ.

ನಾಲ್ಕನೇ ತರಗತಿಯ ಹೊತ್ತಿಗೆ ಅನೇಕ ಮಕ್ಕಳಲ್ಲಿ, ಗಂಡಾಗಲಿ ಹೆಣ್ಣಾಗಲಿ, ಸೃಜನಶೀಲತೆಯ ಇಳಿತವನ್ನು ಟಾರೆನ್ಸ್ ಗುರುತಿಸಿದ್ದರು. ಎಲ್ಲ ಮಕ್ಕಳಲ್ಲೂ ಹೀಗಾಗುವುದಿಲ್ಲ, ಆದರೂ ಗೆಳೆಯರು ಏನೆನ್ನುವರೋ ಎಂಬ ಅಳುಕು ಬಲಿಯುವ ವಯಸ್ಸು ಅದು.

ಬಹುಮಾನದ ಆಸೆ ಹುಟ್ಟಿಸಿ ಹುರಿದುಂಬಿಸಲು ಹೋಗಬೇಡಿ. 1982ರಲ್ಲಿ ಪ್ರಕಟವಾದ ಮನೋವಿಜ್ಞಾನಿ ತೆರೆಸಾ ಅಮಬಿಲೆ ಅವರ ಅಧ್ಯಯನದಲ್ಲಿ, ಬಹುಮಾನಕ್ಕಾಗಿ ಸ್ಪರ್ಧಿಸಿ ಕಾಗದದ ಅಂಟುಚಿತ್ರ ಮಾಡಿದ ಹುಡುಗಿಯರಿಗಿಂತ, ಸ್ಪರ್ಧೆಯ ಹಂಗಿಲ್ಲದೆ ಮಾಡಿದವರ ಕೆಲಸದಲ್ಲಿ ಹೆಚ್ಚು ಹೊಸತನವನ್ನು ಕಲಾವಿದರು ಕಂಡರು.

‘ಸರಿಯೇ?’ ಎಂದು ಮಗಳು ಕೇಳಿದಾಗ ‘ಚೆನ್ನಾಗಿದೆ’ ಎಂದೂ ತೀರ್ಪು ಕೊಡದೆ, ‘ಈ ಮರಕ್ಕೇಕೆ ನೀಲಿ ಬಣ್ಣ ಹಚ್ಚಿದೆ?’ ಎಂದು ಕುತೂಹಲದಿಂದ ವಿಚಾರಿಸಿ, ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ತಿದ್ದುವ ಕೆಲಸವನ್ನು ಚಿತ್ರ ಮುಗಿಯುವವರೆಗೆ ತಡೆದಿಡಿ. ತರಗತಿಯಲ್ಲಿಯೂ ಹಾಗೆಯೇ ಮಾಡುವಂತೆ ಶಿಕ್ಷಕರನ್ನು ಕೇಳಿಕೊಳ್ಳಿ.