ನೀರಿಗೆ ನೀಲಿ ಬಳಿಯಬೇಡಿ: ಮಾಡೆಲ್ ರೈಲಿಗೆ ಕಡಿಮೆ ಖರ್ಚಿನ ಹೊಳೆ, ಕೆರೆ, ಜಲಪಾತ

ಪ್ರಶ್ನೆ: ಸರ್, ನಮಸ್ಕಾರ. ನಾನು ಹುಬ್ಬಳ್ಳಿ ಕೇಶ್ವಾಪುರದವ. ರಿಟೈರ್ ಆದಮ್ಯಾಲೆ ಎಚ್‌ಒ ಅಳತೆಯ ಮಾಡೆಲ್ ರೈಲ್ವೆ ಶುರು ಮಾಡೇನಿ. ಹಾವೇರಿ ಕಡೆ ಹೋಗುವಾಗ ಸಿಗೋ ವರದಾ ಹೊಳಿ ಸೇತುವೆ ಮಾಡಬೇಕಂತ ಭಾಳ ದಿನದ ಆಸೆ. ಸೇತುವೆ ಚಲೋ ಬಂತು, ನೀರು ಬರವಲ್ದು. ನೀಲಿ ಬಣ್ಣ ಹಚ್ಚಿ ಮ್ಯಾಲೆ ವಾರ್ನಿಷ್ ಹೊಡದೆ. ಮೊಮ್ಮಗಳು ನೋಡಿ "ಅಜ್ಜಾ, ಇದು ಸ್ವಿಮ್ಮಿಂಗ್ ಪೂಲ್" ಅಂದಳು. ಹೊರಗಿಂದ ತರಿಸೋ ಮಾಡೆಲ್ ನೀರಿನ ಬಾಟಲಿ ಭಾಳ ತುಟ್ಟಿ. 500 ರೂಪಾಯಿ ಒಳಗ ಏನರ ಆಗತೈತೇನು?

ಉತ್ತರ: ಆಗುತ್ತದೆ, ಹಿರಿಯರೇ. ನಿಮ್ಮ ಮೊಮ್ಮಗಳ ಮಾತೂ ಖರೆ. ಕೆಟ್ಟಿದ್ದು ವಾರ್ನಿಷ್‌ನಿಂದ ಅಲ್ಲ, ನೀಲಿಯಿಂದ. ಸಂಜೆ ಉಣಕಲ್ ಕೆರೆಯ ದಂಡೆಗೆ ಹೋಗಿ ಕುಳಿತು ದೂರಕ್ಕೆ ನೋಡಿ, ನೀರು ನೀಲಿಯಾಗಿಯೇ ಕಾಣುತ್ತದೆ. ಅದು ನೀರಿನ ಬಣ್ಣವಲ್ಲ, ಅದರಲ್ಲಿ ಬಿದ್ದ ಆಕಾಶ. ಅಲ್ಲಿಂದೆದ್ದು ಕಾಲಬುಡದ ನೀರನ್ನು ಬಗ್ಗಿ ನೋಡಿ: ಹಸಿರು, ಕಂದು, ರಾಡಿ. ಲೇಔಟನ್ನು, ಅಂದರೆ ಹಲಗೆಯ ಮೇಲೆ ಕಟ್ಟಿದ ರೈಲು ಲೋಕವನ್ನು, ನಾವು ಯಾವಾಗಲೂ ಹೀಗೆ ಮೇಲಿನಿಂದಲೇ ನೋಡುವುದು. ಎಚ್‌ಒ ಎಂದರೆ 87ಕ್ಕೆ 1, ಖರೆ ವಸ್ತುವಿನ 87ರಲ್ಲಿ ಒಂದು ಪಾಲು. ನಿಮ್ಮ ಕಣ್ಣು ಹಲಗೆಯಿಂದ 60 ಸೆಂಟಿಮೀಟರ್ ಮೇಲಿದ್ದರೆ ಆ ಪುಟ್ಟ ಲೋಕದಲ್ಲಿ 50 ಮೀಟರಿಗೂ ಎತ್ತರದಿಂದ ಇಣುಕಿದ ಹಾಗಾಯಿತು. ಅಷ್ಟು ಮೇಲಿನಿಂದ ಕಾಣುವುದು ನೀರಿನ ಸ್ವಂತ ಬಣ್ಣ ಮತ್ತು ತಳ.

ಹಾಗಾಗಿ ಬಣ್ಣ ಕೊಳ್ಳುವ ಮೊದಲು ತಿಂಗಳು ಯಾವುದೆಂದು ಗೊತ್ತುಮಾಡಿಕೊಳ್ಳಿ. ಬೇಸಿಗೆಯ ವರದೆ ಅಂದರೆ ಉಸುಕು, ಬಂಡೆ, ಅಲ್ಲಲ್ಲಿ ನಿಂತ ಹಸಿರು ಮಡು. ಶ್ರಾವಣದ ವರದೆ ಅಂದರೆ ಸಾಗರದ ಕಡೆಯ ಮಳೆಯನ್ನೆಲ್ಲ ಹೊತ್ತು ದಂಡೆ ತುಂಬಿ ಬರುವ ಕೆಂಪು ನೀರು, ಹಾಲು ಹಾಕಿದ ಚಹಾದ ಬಣ್ಣ. ನಿಮ್ಮ 500 ರೂಪಾಯಿಗೆ ನಾನು ಹೇಳುವುದು ಈ ಶ್ರಾವಣದ ಹೊಳೆಯನ್ನೇ. ರಾಡಿ ನೀರಿನ ತಳ ಯಾರಿಗೂ ಕಾಣುವುದಿಲ್ಲ. ತಳ ಕಾಣಬೇಕಿಲ್ಲ ಎಂದಮೇಲೆ ಪಾರದರ್ಶಕ ವಸ್ತುವೇ ಬೇಡ; ಬಣ್ಣ, ಫೆವಿಕಾಲ್, ಟಿಶ್ಯೂ ಪೇಪರ್, ಹೊಳಪಿನ ವಾರ್ನಿಷ್ ಇದ್ದರೆ ಸಾಕು.

ಹೊಸಬರು ಹೆಚ್ಚು ದುಡ್ಡು ಕಳೆದುಕೊಳ್ಳುವುದು ಆಳ ಹುಡುಕುವುದರಲ್ಲಿ. ನಿಮ್ಮ ಹೊಳೆ 60 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ ಎಂದುಕೊಳ್ಳೋಣ. ಅದರ ಮೇಲೆ ಗಾಜಿನಂತೆ ಗಟ್ಟಿಯಾಗುವ ರೆಸಿನ್ ದ್ರವವನ್ನು 3 ಮಿಲಿಮೀಟರ್ ಹೊಯ್ದರೆ 360 ಮಿಲಿಲೀಟರ್ ಬೇಕು. 1 ಸೆಂಟಿಮೀಟರ್ ಆಳ ಬೇಕೆಂದರೆ ಲೀಟರು ದಾಟಿ 1200 ಮಿಲಿಲೀಟರ್. ಆಳವನ್ನು ಸುರಿಯಲು ಹೋಗಬಾರದು, ಬಣ್ಣದಲ್ಲಿ ಬರೆಯಬೇಕು. ನಡುವೆ ಗಾಢ, ದಂಡೆಗೆ ಬಂದಂತೆ ತಿಳಿ. ಎರಡೂ ಬಣ್ಣ ಹಸಿ ಇರುವಾಗಲೇ ಕುಂಚದಿಂದ ಒಂದಕ್ಕೊಂದು ಸೇರಿಸಿಬಿಡಿ, ನಡುವೆ ಗೆರೆ ಬೀಳಬಾರದು. ಗೋಡೆಗೆ ಹಚ್ಚುವ ಎಮಲ್ಶನ್ ಉಳಿದಿದ್ದರೆ ಅದೇ ನಡೆಯುತ್ತದೆ. ಬಿಳಿಯ ಎಮಲ್ಶನ್ನಿಗೆ ಕಾವಿ, ಹಳದಿ, ಚೂರೇ ಚೂರು ಕಪ್ಪು ಬೆರೆಸಿಕೊಳ್ಳಿ.

ಈಗ ಅಲೆ. ಗಾಳಿಗೆ ಏಳುವ 5 ಸೆಂಟಿಮೀಟರಿನ ಕಿರುಅಲೆ ನಿಮ್ಮ ಅಳತೆಗೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಮಾಡೆಲುಗಳಲ್ಲಿ ಬೆರಳುಗಾತ್ರದ ಅಲೆ ಮಾಡಿರುತ್ತಾರೆ. ಲೆಕ್ಕ ಹಾಕಿದರೆ ಅದು ಒಂದು ಮೀಟರಿನ ತೆರೆಯಾಗುತ್ತದೆ, ಹೊಳೆ ಹೋಗಿ ಸಮುದ್ರ ಆಗುತ್ತದೆ. ಟಿಶ್ಯೂ ಪೇಪರಿನ ಒಂದೇ ಪದರ ಬಿಡಿಸಿಕೊಳ್ಳಿ. ಅರ್ಧಕ್ಕರ್ಧ ನೀರು ಬೆರೆಸಿದ ಫೆವಿಕಾಲನ್ನು ತಳಕ್ಕೆ ಹಚ್ಚಿ, ಮೇಲೆ ಟಿಶ್ಯೂ ಹಾಸಿ, ಒದ್ದೆ ಕುಂಚದ ತುದಿಯಿಂದ ಮೆಲ್ಲಗೆ ಕುಟ್ಟುತ್ತ ಹೋಗಿ. ಏಳುವ ಸಣ್ಣ ಸುಕ್ಕುಗಳೇ ಅಲೆ. ಸುಕ್ಕು ಹೊಳೆಗೆ ಅಡ್ಡಡ್ಡ ಇರಲಿ. ಪೂರಾ ಒಣಗಿದ ಮೇಲೆ ಬಣ್ಣ. ಬಣ್ಣ ಒಣಗಿದ ಮೇಲೆ ನೀರು ಬೆರೆಸುವ ಬಗೆಯ ಹೊಳಪಿನ ಅಕ್ರಿಲಿಕ್ ವಾರ್ನಿಷ್ ಮೂರು ಕೈ, ಒಂದೊಂದರ ನಡುವೆ ಒಂದು ರಾತ್ರಿ ಬಿಟ್ಟು. ಥರ್ಮೋಕೋಲ್ ಇರುವ ಕಡೆ ಸ್ಪ್ರೇ ಡಬ್ಬಿ ತರಬೇಡಿ, ಅದರ ದ್ರಾವಕ ಥರ್ಮೋಕೋಲನ್ನು ತಿಂದುಹಾಕುತ್ತದೆ.

ಇಷ್ಟು ಮಾಡಿದರೂ ನೀರು ಬರಲಿಲ್ಲ ಅನ್ನಿಸಿದರೆ ತಪ್ಪು ದಂಡೆಯಲ್ಲಿದೆ. ನೀರು ಮತ್ತು ಮಣ್ಣು ಕೂಡುವ ಆ ಅರ್ಧ ಸೆಂಟಿಮೀಟರಿಗೆ ನಾನು ಉಳಿದೆಲ್ಲದಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇನೆ. ಹಸಿ ಮಣ್ಣು ಒಣ ಮಣ್ಣಿಗಿಂತ ಕಪ್ಪು. ನೀರಿನಂಚಿನುದ್ದಕ್ಕೂ ಒಂದು ಸಣ್ಣ ಗಾಢ ಪಟ್ಟಿ ಬರೆದು ಅದಕ್ಕೂ ತುಸು ವಾರ್ನಿಷ್ ಮುಟ್ಟಿಸಿ. ಮಣ್ಣನ್ನು ಅಂಗಡಿಯಿಂದ ತರಬೇಕಿಲ್ಲ. ಎರೆಯಾಗಲಿ ಮಸಾರಿಯಾಗಲಿ, ಒಂದು ಹಿಡಿ ತಂದು ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಹಂಚಿನ ಮೇಲೆ ಹುರಿದುಬಿಡಿ; ಹುಳ, ಬೀಜ ಉಳಿಯುವುದಿಲ್ಲ. ಆಮೇಲೆ ಅದರೊಳಗೆ ಒಂದು ಅಯಸ್ಕಾಂತ ಆಡಿಸಿ. ನಮ್ಮ ಮಣ್ಣಿನಲ್ಲಿ ಕಬ್ಬಿಣದ ಕಣ ಇದ್ದೇ ಇರುತ್ತವೆ, ಅವು ಎಂಜಿನ್ನಿನ ಮೋಟರಿನೊಳಗೆ ಹೋದರೆ ಕೆಲಸ ಕೆಟ್ಟಿತು. ಇದೊಂದನ್ನು ದಯವಿಟ್ಟು ಬಿಡಬೇಡಿ.

ಕೊನೆಗೆ ಕಂಬಗಳು. ಹೊಳೆ ಬರುವ ಕಡೆಯ ಮುಖದಲ್ಲಿ ಕಡ್ಡಿ, ಒಣಹುಲ್ಲು, ತೆಂಗಿನ ನಾರು ಸಿಕ್ಕಿಹಾಕಿಕೊಂಡಿರಲಿ. ಮಹಾಪೂರ ಇಳಿದ ಮೇಲೆ ಎಲ್ಲ ಸೇತುವೆಗಳಲ್ಲೂ ಇರುತ್ತದೆ. ಹೊಳೆ ಹೋಗುವ ಕಡೆ, ಕಂಬದ ಎರಡೂ ಬದಿಯಿಂದ ಹೊರಟು ಅಗಲವಾಗುತ್ತ ಹೋಗುವ ತೆಳು ನೊರೆಗೆರೆ ಎರಡು. ಬಿಳಿ ಬಣ್ಣದ ಕುಂಚವನ್ನು ಅರಿವೆಗೆ ಒರೆಸಿ, ಉಳಿದ ಒಣ ಬಣ್ಣದಲ್ಲೇ ಸವರಿ. ನೀರು ಹರಿಯಲು ಹತ್ತುವುದು ಆ ಎರಡು ಗೆರೆಯಿಂದ.

ಪ್ರಶ್ನೆ: ಧಾರವಾಡದಿಂದ ಬರೆಯುತ್ತಿದ್ದೇನೆ. ಕೆಲಗೇರಿ ಕೆರೆಯ ಹಾಗೆ ಒಂದು ಕೆರೆ ಮಾಡಲು ತಳಕ್ಕೆ ಬಣ್ಣ ಹಾಕಿ ಮೇಲೆ ಫೆವಿಕಾಲ್ ಸುರಿದೆ. ಏಪ್ರಿಲ್‌ನಲ್ಲಿ ಗಾಜಿನಂತೆ ಇತ್ತು. ಜುಲೈ ಜಿಟಿಜಿಟಿ ಮಳೆ ಹಿಡಿದ ಮೇಲೆ ಹಾಲಿನಂತೆ ಬೆಳ್ಳಗಾಗಿದೆ. ಕಿತ್ತು ಹಾಕಲೇ?

ಉತ್ತರ: ಕೀಳಬೇಡಿ. ಫೆವಿಕಾಲ್‌ನಂಥ ಬಿಳಿ ಅಂಟು ನೀರಿನಲ್ಲಿ ತೇಲುವ ಸಣ್ಣ ಕಣಗಳಿಂದ ಆದದ್ದು. ನೀರು ಆರಿದಾಗ ಕಣಗಳು ಒಂದಕ್ಕೊಂದು ಕೂಡಿ ತಿಳಿಯಾಗುತ್ತವೆ. ಗಾಳಿಯ ತೇವ ಹೀರಿದಾಗ ಮತ್ತೆ ಮಬ್ಬಾಗುತ್ತವೆ. ದಪ್ಪಗೆ ಸುರಿದಿದ್ದರೆ ಇನ್ನೊಂದು ತೊಡಕು: ಮೇಲೆ ಕೆನೆ ಕಟ್ಟಿ ಒಳಗಿನ ನೀರು ಹೊರಬರದೆ ಉಳಿಯುತ್ತದೆ.

ಮೊದಲು ಒಣಗಿಸಿ. ಎರಡು ಮೂರು ದಿನ ಫ್ಯಾನ್ ಕೆಳಗೆ, ಬಿಸಿಲು ಬಿದ್ದರೆ ಕಿಟಕಿಯ ಹತ್ತಿರ. ಬಹಳಷ್ಟು ಮಬ್ಬು ತಾನಾಗಿ ಹೋಗುತ್ತದೆ. ತಿಳಿಯಾದ ದಿನವೇ ಮೇಲೆ ಹೊಳಪಿನ ವಾರ್ನಿಷ್ ಎರಡು ಕೈ ಹಚ್ಚಿ ತೇವಕ್ಕೆ ಬಾಗಿಲು ಮುಚ್ಚಿಬಿಡಿ. ಮಳೆಗಾಲ ಮುಗಿಯುವ ತನಕ ಕಾಯುವ ತಾಳ್ಮೆ ಇದ್ದರೆ ಇನ್ನೂ ಒಳ್ಳೆಯದು. ಮುಂದೆ ಮಾಡುವಾಗ ಒಂದು ಪದರ 1 ಮಿಲಿಮೀಟರ್ ಮೀರದಿರಲಿ, ಪೂರಾ ತಿಳಿಯಾಗುವ ತನಕ ಇನ್ನೊಂದು ಪದರ ಬೇಡ. ಒಣಗುವಾಗ ಅಂಟು ಕುಗ್ಗುತ್ತದೆ, ದಂಡೆಯಿಂದ ಬಿಟ್ಟುಕೊಂಡು ಸೀಳು ಬೀಳುವುದೂ ಉಂಟು. ಆ ಸೀಳನ್ನು ಮುಂದಿನ ಪದರ ತುಂಬುತ್ತದೆ.

ಏನು ಮಾಡಿದರೂ ಒಂದು ಮೂಲೆ ಬೆಳ್ಳಗೇ ಉಳಿದರೆ ಅಲ್ಲಿ ಜಲಕಳೆ ಬೆಳೆಸಿ. ಕಟ್ಟಿಗೆ ಹೊಟ್ಟನ್ನು ಎರಡು ಮೂರು ಬಗೆಯ ಹಸಿರಿನಲ್ಲಿ ಅದ್ದಿ ಒಣಗಿಸಿ, ಕೆರೆಯ ಒಂದು ಬದಿಗೆ ಗಾಳಿ ದೂಡಿ ತಂದಂತೆ ಒತ್ತಾಗಿ ಅಂಟಿಸಿ, ಅಂಚಿನಲ್ಲಿ ಬಿಡಿಬಿಡಿಯಾಗಿ ಚದುರಿಸಿ. ಇದನ್ನು ತೇಪೆ ಎಂದುಕೊಳ್ಳಬೇಡಿ. ಉಣಕಲ್ ಕೆರೆಯ ಜಲಕಳೆ ಕಂಡವರಿಗೆ ಇದು ಖರೆ ಕೆರೆ ಎಂದೇ ಅನ್ನಿಸುತ್ತದೆ.

ಪ್ರಶ್ನೆ: ಕ್ಯಾಸಲ್‌ರಾಕ್ ಇಳಿಜಾರಿನ ದೂಧಸಾಗರ ಜಲಪಾತ ಮಾಡುವಾಸೆ. ನಾವು ಮೂವರು ಗೆಳೆಯರು, ಹಾವೇರಿಯಲ್ಲಿ ಒಂದು ಕೋಣೆ ಇದೆ. ಹತ್ತಿಯಿಂದ ಮಾಡಿ ನೋಡಿದೆವು, ಗಡ್ಡದ ಹಾಗೆ ಕಾಣುತ್ತದೆ.

ಉತ್ತರ: ಮೊದಲು ಎತ್ತರದ ಲೆಕ್ಕ. ದೂಧಸಾಗರ ಸುಮಾರು 310 ಮೀಟರ್. ಎಚ್‌ಒಗೆ ಇಳಿಸಿದರೂ ಮೂರೂವರೆ ಮೀಟರ್, ನಿಮ್ಮ ಕೋಣೆಯ ಮಾಳಿಗೆ ದಾಟುತ್ತದೆ. ಎಲ್ಲವನ್ನೂ ಅಳತೆಗೆ ಸರಿಯಾಗಿ ಮಾಡಲು ಯಾರಿಗೂ ಆಗುವುದಿಲ್ಲ. ನಮ್ಮ ಹುಬ್ಬಳ್ಳಿಯ 1507 ಮೀಟರಿನ ಪ್ಲಾಟ್‌ಫಾರ್ಮ್ ಕೂಡ ಎಚ್‌ಒದಲ್ಲಿ 17 ಮೀಟರ್ ಮೀರುತ್ತದೆ. ಹಳಿ ಹಾದುಹೋಗುವ ಕಮಾನು ಸೇತುವೆ, ಅದರ ಮೇಲೊಂದು ಹಂತ, ಕೆಳಗೊಂದು ಹಂತ, ಒಟ್ಟು 50 ಸೆಂಟಿಮೀಟರ್ ಆರಿಸಿಕೊಳ್ಳಿ. ರೈಲಿನಲ್ಲಿ ಹೋದವರ ನೆನಪಿನಲ್ಲಿ ಉಳಿದಿರುವುದೂ ಅಷ್ಟೇ ಭಾಗ.

ಹತ್ತಿ ಗಡ್ಡವಾಗುವುದು ಅದಕ್ಕೆ ಹೊಳಪಿಲ್ಲದ್ದರಿಂದ ಮತ್ತು ಅದು ಬೀಳುವ ದಿಕ್ಕು ತೋರಿಸದಿರುವುದರಿಂದ. ಕಿಟಕಿ ಗಾಜಿಗೆ, ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಸಿಲಿಕೋನ್ ತನ್ನಿ. ಪ್ಲಾಸ್ಟಿಕ್ ಹಾಳೆಯ ಮೇಲೆ ಉದ್ದುದ್ದ ಎಳೆಗಳಾಗಿ ಹಿಂಡಿ, ಹಲ್ಲುಕಡ್ಡಿಯಿಂದ ಮೇಲಿಂದ ಕೆಳಕ್ಕೆ ಗೀರುತ್ತ ಬನ್ನಿ. ಎಲ್ಲಾ ಎಳೆ ಒಂದೇ ದಪ್ಪ ಬೇಡ. ಮೇಲೆ ಕೂಡಿಕೊಂಡು, ಕೆಳಗೆ ಬಂದಂತೆ ಹರಿದು ಬಿಡಿಯಾಗಲಿ. ಒಣಗಿದ ಸಿಲಿಕೋನಿನ ಮೇಲೆ ಅಕ್ರಿಲಿಕ್ ಬಣ್ಣ ನಿಲ್ಲುವುದಿಲ್ಲ, ಸಿಪ್ಪೆ ಏಳುತ್ತದೆ. ಹಸಿ ಇರುವಾಗಲೇ ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರನ್ನು ತೀರ ತೆಳ್ಳಗೆ ಎಳೆದು ಅದರೊಳಗೆ ಒತ್ತಿ, ಮೇಲೆ ಬಿಳಿ ಬಣ್ಣದ ಪುಡಿ ಚಿಟಿಕೆಯಷ್ಟು ಉದುರಿಸಿ. ಬೀಳುವ ನೀರು ಬೆಳ್ಳಗೆ ಕಾಣುವುದು ಗಾಳಿ ಬೆರೆತದ್ದರಿಂದ, ಹಾಗಾಗಿ ಬಿಳುಪು ಕೆಳಗೆ ಹೆಚ್ಚು, ಮೇಲಿನ ಅಂಚಿನಲ್ಲಿ ಕಡಿಮೆ ಇರಬೇಕು. ಒಂದು ದಿನ ಬಿಟ್ಟು ಸುಲಿದು, ಅದೇ ಸಿಲಿಕೋನಿನಿಂದ ಬಂಡೆಗೆ ಅಂಟಿಸಿ. ಮೇಲಿನ ತುದಿ ಮಾತ್ರ ಬಂಡೆಗೆ ತಾಗಿರಲಿ, ಕೆಳಗೆ ಅಲ್ಲಲ್ಲಿ ಬಂಡೆಯಿಂದ ಬಿಟ್ಟುಕೊಂಡು ಬೀಳಲಿ.

ವಿನಿಗರ್ ವಾಸನೆ ಬರುವ ಸಿಲಿಕೋನ್ ಆದರೆ ಒಂದು ಎಚ್ಚರ. ಒಣಗುವಾಗ ಅದು ಬಿಡುವ ಆಮ್ಲ ತಾಮ್ರ, ಹಿತ್ತಾಳೆಗೆ ಕಿಲುಬು ಹಿಡಿಸುತ್ತದೆ. ಹಳಿ, ವೈರುಗಳಿಂದ ದೂರ, ಕಿಟಕಿ ತೆರೆದ ಬೇರೆ ಕೋಣೆಯಲ್ಲಿ ಮಾಡಿ ಒಣಗಿಸಿ ತನ್ನಿ. ಜಲಪಾತದ ಅಕ್ಕಪಕ್ಕದ ಬಂಡೆಗೆ ಕಪ್ಪು ಬಣ್ಣ ಹಚ್ಚಿ ವಾರ್ನಿಷ್ ಹೊಡೆಯುವುದನ್ನು ಮರೆಯಬೇಡಿ. ಒಣ ಬಂಡೆಯ ನಡುವೆ ಬೀಳುವ ನೀರನ್ನು ಕಣ್ಣು ನಂಬುವುದಿಲ್ಲ.

ಪ್ರಶ್ನೆ: ಮಕ್ಕಳು ಖರೆ ನೀರೇ ಬೇಕು ಅಂತಾರ. ಸಣ್ಣ ಪಂಪ್ ಇಟ್ಟು ಹರಿಸಬಹುದೇ? (ರಾಣೆಬೆನ್ನೂರು)

ಉತ್ತರ: ಬೇಡ. ನೀರನ್ನು ಸಣ್ಣ ಅಳತೆಗೆ ಇಳಿಸಲು ಬರುವುದಿಲ್ಲ. ಒಂದು ಹನಿ ಎಚ್‌ಒ ಮನುಷ್ಯನ ತಲೆಗಿಂತ ದೊಡ್ಡದು, ಅವನ ಪೂರಾ ಎತ್ತರವೇ 2 ಸೆಂಟಿಮೀಟರ್. ಮೇಲಾಗಿ ಪ್ಲೈವುಡ್ ಉಬ್ಬುತ್ತದೆ, ಹಳಿಯ ಸಂಪರ್ಕ ಕೆಡುತ್ತದೆ, ವಾರ ಬಿಟ್ಟು ನೋಡಿದರೆ ಸೊಳ್ಳೆ ಮರಿ. ಮಕ್ಕಳ ಕೈಗೆ ಟಿಶ್ಯೂ, ಕುಂಚ ಕೊಟ್ಟು ಅಲೆ ಕುಟ್ಟಲು ಹೇಳಿ. ಅವರ ಕೈ ನಮ್ಮದಕ್ಕಿಂತ ಹಗುರ, ಸುಕ್ಕು ಚೆನ್ನಾಗಿ ಬರುತ್ತವೆ.

ಪ್ರಶ್ನೆ: ಗದಗದವಳು ನಾನು. ಸ್ಟೇಶನ್ ಹಿಂದಿನ ಊರಿನಲ್ಲಿ ಲಕ್ಕುಂಡಿಯ ಮೆಟ್ಟಿಲುಬಾವಿಯಂಥದ್ದೊಂದು ಇರಲಿ ಅಂತಿದ್ದೇನೆ. ಅದಕ್ಕಾದರೂ ರೆಸಿನ್ ಬೇಕೇ ಬೇಕಲ್ಲವೇ?

ಉತ್ತರ: ಬೇಕು ತಾಯಿ, ಇಲ್ಲಿ ರೆಸಿನ್ನಿಗೆ ಸಮನಾದದ್ದಿಲ್ಲ. ನಿಂತ ನೀರು, ಕೆಳಗೆ ಮುಳುಗಿದ ಮೆಟ್ಟಿಲು ಮಸುಕಾಗಿ ಕಾಣಬೇಕು. ಖರ್ಚಿನ ಚಿಂತೆಯೂ ಇಲ್ಲ: 5 ಸೆಂಟಿಮೀಟರ್ ಚೌಕದ ಬಾವಿಗೆ 4 ಮಿಲಿಮೀಟರ್ ನೀರು ಎಂದರೆ 10 ಮಿಲಿಲೀಟರ್. ಕಲಾಸಾಮಗ್ರಿ ಅಂಗಡಿಯ ಅತಿ ಸಣ್ಣ ಎಪಾಕ್ಸಿ ರೆಸಿನ್ ಜೋಡಿಯೇ ಹೆಚ್ಚಾಗುತ್ತದೆ.

ಮೆಟ್ಟಿಲಿಗೆ 3 ಮಿಲಿಮೀಟರಿನ ಸನ್‌ಬೋರ್ಡ್ (ಹಗುರ ಫೋಮ್ ಹಾಳೆ) ತನ್ನಿ. 25 ಸೆಂಟಿಮೀಟರಿನ ಮೆಟ್ಟಿಲು ಎಚ್‌ಒದಲ್ಲಿ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ, ಒಂದು ಹಾಳೆಗೆ ಒಂದು ಮೆಟ್ಟಿಲು. ಕಲ್ಲಿನ ಬಣ್ಣ ಕೊಟ್ಟ ಮೇಲೆ, ನೀರಿನೊಳಗೆ ಹೋಗುವ ಮೆಟ್ಟಿಲುಗಳಿಗೆ ಪಾಚಿ ಹಸಿರು ಸವರಿ. ಸಂದುಗೊಂದುಗಳಿಗೆಲ್ಲ ಫೆವಿಕಾಲ್ ಎರಡು ಸಲ ಹಚ್ಚಿ ಒಣಗಿಸಿ. ರೆಸಿನ್ ಸೂಜಿಮೊನೆಯಷ್ಟು ತೂತಿದ್ದರೂ ಇಳಿದು ಹೋಗುತ್ತದೆ. ನನ್ನ ಮೊದಲ ಬಾವಿ ರಾತ್ರಿ ಕಳೆಯುವಷ್ಟರಲ್ಲಿ ಬರಿದಾಗಿ ಕೆಳಗಿನ ನೆಲದ ಮೇಲೆ ಗಟ್ಟಿಯಾಗಿತ್ತು. ಅಗ್ಗವೆಂದು ಫೈಬರ್ ಕೆಲಸದ ಪಾಲಿಯೆಸ್ಟರ್ ರೆಸಿನ್ ಕೊಡುತ್ತಾರೆ, ತರಬೇಡಿ. ಅದರಲ್ಲಿನ ಸ್ಟೈರೀನ್ ಸನ್‌ಬೋರ್ಡನ್ನೂ ಥರ್ಮೋಕೋಲನ್ನೂ ಹಾಳುಮಾಡಬಲ್ಲದು, ವಾಸನೆಯೂ ತಲೆನೋವು ತರುವಂಥದ್ದು.

ರೆಸಿನ್, ಅದನ್ನು ಗಟ್ಟಿಮಾಡುವ ಹಾರ್ಡನರ್ ಎರಡನ್ನೂ ಬಾಟಲಿಯ ಮೇಲೆ ಹೇಳಿದ ಪ್ರಮಾಣಕ್ಕೆ ಸರಿಯಾಗಿ ಅಳೆಯಿರಿ. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಎಂದೆಂದೂ ಜಿಗುಟಾಗಿಯೇ ಉಳಿಯುತ್ತದೆ. ಇಷ್ಟು ಕಡಿಮೆ ಅಳೆಯಲು ಔಷಧಿ ಅಂಗಡಿಯ ಸೂಜಿಯಿಲ್ಲದ ಸಿರಿಂಜ್ ಎರಡು ಸಾಕು. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿರಲಿ. ಹಲ್ಲುಕಡ್ಡಿಯ ತುದಿಗೆ ಅಂಟಿದಷ್ಟು ಹಸಿರು ಆಯಿಲ್ ಪೇಂಟ್ ಬೆರೆಸಿ. ನಿಧಾನವಾಗಿ ಕಲಸಿ, ಎರಡು ಸಲಕ್ಕೆ ತಲಾ 2 ಮಿಲಿಮೀಟರ್ ಹೊಯ್ಯಿರಿ, ನಡುವೆ ಒಂದು ದಿನ ಬಿಟ್ಟು. ಮೊದಲ ಪದರ ಗಟ್ಟಿಯಾದ ಮೇಲೆ ಒಣ ಬೇವಿನೆಲೆಯ ಸೊಪ್ಪನ್ನು ಹಿಟ್ಟಿನಂತೆ ಉಜ್ಜಿ ನಾಲ್ಕು ಚೂರು ಅದರ ಮೇಲೆ ಉದುರಿಸಿ, ಆಮೇಲೆ ಎರಡನೆಯದನ್ನು ಹೊಯ್ಯಿರಿ. ಎಲೆ ನೀರಿನ ನಡುವಿನಲ್ಲಿ ನಿಲ್ಲುತ್ತದೆ. ಮೇಲೊಂದು ಡಬ್ಬಿ ಕವುಚಿಟ್ಟು 24 ತಾಸು ಮುಟ್ಟಬೇಡಿ, ಇಲ್ಲದಿದ್ದರೆ ಧೂಳೆಲ್ಲ ಅದರ ಮೇಲೆಯೇ ಕೂರುತ್ತದೆ.