ವಯಸ್ಸಾದ ಮೇಲೆ ಬಿಪಿ ಜಾಸ್ತಿ ಇದ್ದರೆ ಅಲ್ಝೈಮರ್ ಬರುತ್ತಾ?

78 ವರ್ಷದ ಅಜ್ಜಿಗೆ ಮೇಲಿನ ಬಿಪಿ 150 ಇದೆ, ಇದರಿಂದ ಅಲ್ಝೈಮರ್ ಬರುತ್ತಾ ಅಂತ ಕೇಳಿದ್ದೀರಿ. ಈಗಿನ 150ಕ್ಕಿಂತ, ಅವರ 45–60ರ ವಯಸ್ಸಿನಲ್ಲಿ ಬಿಪಿ ಎಷ್ಟಿತ್ತು ಅನ್ನೋದು ಮುಖ್ಯ. ಆಗ ವರ್ಷಗಟ್ಟಲೆ ಜಾಸ್ತಿ ಇದ್ದರೆ ಮಿದುಳಿನ ಸಣ್ಣ ಸಣ್ಣ ರಕ್ತನಾಳಗಳು ಗಡುಸಾಗುತ್ತವೆ. ಮುಂದೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಯ (ಅಲ್ಝೈಮರ್ ಇದರಲ್ಲೇ ಒಂದು ಬಗೆ) ಅಪಾಯ ಹೆಚ್ಚುತ್ತದೆ.

ವಿಚಿತ್ರ ಅಂದರೆ, ಕಾಯಿಲೆ ಗೊತ್ತಾಗುವ ಕೆಲವು ವರ್ಷ ಮುಂಚೆ ಬಿಪಿ ತಾನಾಗೇ ಇಳಿಯುತ್ತಾ ಬರುವುದುಂಟು. ಅದಕ್ಕೇ ವಯಸ್ಸಾದವರನ್ನಷ್ಟೇ ನೋಡಿದರೆ ಕೆಲವೊಮ್ಮೆ ಕಡಿಮೆ ಬಿಪಿಯದ್ದೇ ತಪ್ಪು ಅನ್ನಿಸಿಬಿಡುತ್ತದೆ.

ಹಾಗಂತ ಸುಮ್ನೆ ಮಾತ್ರೆ ಬಿಡಬೇಡಿ. ಅಮೆರಿಕದ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ (2019) 50 ದಾಟಿದ 9,000ಕ್ಕೂ ಹೆಚ್ಚು ಜನರಿದ್ದರು. ಬಿಪಿಯನ್ನು 140ರ ಬದಲು 120ಕ್ಕಿಂತ ಕೆಳಗೆ ತರುವ ಗುರಿ ಇಟ್ಟ ಗುಂಪಿನಲ್ಲಿ, ಡಿಮೆನ್ಷಿಯಾಗೆ ಮುಂಚಿನ ಹಂತದ ಮರೆವು ಸುಮಾರು 19% ಕಡಿಮೆ ಕಂಡಿತು. ಪೂರ್ತಿ ಡಿಮೆನ್ಷಿಯಾ ವಿಷಯದಲ್ಲಿ ಮಾತ್ರ ವ್ಯತ್ಯಾಸ ಖಚಿತವಾಗಲಿಲ್ಲ.

ಅಜ್ಜಿ ಹಾಸಿಗೆಯಿಂದ ಎದ್ದ ಕೂಡಲೇ ಗೋಡೆ ಹಿಡಿದುಕೊಳ್ಳುತ್ತಾರಾ, ಗಮನಿಸಿ. ಮಲಗಿದ್ದಾಗ ಒಮ್ಮೆ, ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಿ. ಮೇಲಿನದು 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ಹೇಳಿ. ಡೋಸ್ ಬದಲಿಸಬೇಕಾಗಬಹುದು.